ಮನೆಮನೆಗೆ ಬೆಳಕು ತಂದ ಎಡಿಸನ್

ಸಂಜೆ ಮನೆಗೆ ಹಿಂದಿರುಗಿದವರು ಬಾಗಿಲ ಬಳಿಯ ಗೋಡೆಯತ್ತ ಕೈನೀಡಿ ಸ್ವಿಚ್ಚನ್ನು ಒತ್ತುತ್ತಾರೆ. ಮರುಕ್ಷಣವೇ ಕೋಣೆಯೆಲ್ಲ ಬೆಳಗುತ್ತದೆ. ಬೇಡವಾದಾಗ ಮತ್ತೊಮ್ಮೆ ಒತ್ತಿದರೆ ಆ ಕೋಣೆಯ ದೀಪ ಮಾತ್ರ ಆರುತ್ತದೆ. ಪಕ್ಕದ ಕೋಣೆಯ ದೀಪ ಉರಿಯುತ್ತಲೇ ಇರುತ್ತದೆ. ಈ ಸೌಕರ್ಯ ಇಂದು ನಮಗೆ ತೀರ ಸಹಜವಾಗಿ ತೋರುತ್ತದೆ. ಆದರೆ ಬೇಕೆಂದ ದೀಪವನ್ನು ಬೇಕೆಂದಾಗ ಹೊತ್ತಿಸುವ, ಬೇಡವೆಂದಾಗ ಆರಿಸುವ ಸ್ವಾತಂತ್ರ್ಯವನ್ನು ಮನೆಯವರ ಕೈಗೆ ಒಪ್ಪಿಸಲು ದೀರ್ಘಕಾಲದ ಪರಿಶ್ರಮ ಬೇಕಾಯಿತು. ಆ ಪರಿಶ್ರಮದ ಮುಂದಾಳುಗಳಲ್ಲಿ ಅಗ್ರಗಣ್ಯನಾದವನು ಥಾಮಸ್ ಆಲ್ವ ಎಡಿಸನ್.

ಎಡಿಸನ್ 1847ನೆಯ ಇಸವಿ ಫೆಬ್ರವರಿ 11ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಒಹಾಯೊ ಪ್ರಾಂತದ ಮಿಲಾನ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಅವನ ಶಾಲಾ ವಿದ್ಯಾಭ್ಯಾಸ ಕೆಲವೇ ತಿಂಗಳುಗಳಲ್ಲಿ ಮುಗಿಯಿತು. ಉಪಾಧ್ಯಾಯಿನಿಯಾಗಿದ್ದ ತಾಯಿ ನ್ಯಾನ್ಸಿ ಮನೆಯಲ್ಲಿಯೇ ಮಗನಿಗೆ ಪಾಠ ಹೇಳಿ, ಅವನಲ್ಲಿ ಓದಿನ ರುಚಿಯನ್ನು ಹುಟ್ಟಿಸಿದಳು. ಹನ್ನೆರಡನೆಯ ವಯಸ್ಸಿನಲ್ಲಿ ಅವನು ರೈಲುಗಾಡಿಯಲ್ಲಿ ವೃತ್ತಪತ್ರಿಕೆಗಳನ್ನೂ ಮಿಠಾಯಿಯನ್ನೂ ಮಾರತೊಡಗಿದನು. ಬಿಡುವು ದೊರೆತಾಗ ಸಾಮಾನು ಡಬ್ಬಿಯ ಮೂಲೆಯೊಂದರಲ್ಲಿ ರಾಸಾಯನಿಕ ಪ್ರಯೋಗಗಳನ್ನು ನಡೆಸುತ್ತಿದ್ದನು. ಎಳೆತನದಲ್ಲಿಯೇ ಅವನ ಕಿವಿ ಮಂದವಾಯಿತು. ಆ ಕೊರತೆ ಜೀವಮಾನವಿಡೀ ಉಳಿಯಿತು. 1862ರಲ್ಲಿ ರೈಲುಹಳಿಯ ಮೇಲೆ ಆಡುತ್ತಿದ್ದ ಸ್ಟೇಷನ್ ಮಾಸ್ತರನ ಮಗುವನ್ನು, ಉರುಳಿಬರುತ್ತಿದ್ದ ಗಾಡಿಯ ಬಾಯಿಂದ ಅವನು ಪಾರುಮಾಡಿದನು. ಕೃತಜ್ಞನಾದ ಆ ತಂದೆ ಬಾಲಕನಿಗೆ ತಂತಿ ಕಳುಹಿಸುವ ವಿದ್ಯೆಯನ್ನು ಕಲಿಸಿದನು. ವಿದ್ಯುತ್ತಿನೊಡನೆ ಎಡಿಸನ್ನನ ನಂಟು ಹೀಗೆ ಗಾಢವಾಯಿತು.

1869ರಲ್ಲಿ ಅವನು ಶಾಸನಸಭೆಗಳಲ್ಲಿ ಮತಗಳನ್ನು ಬೇಗನೆ ಎಣಿಸುವ ಯಂತ್ರವೊಂದಕ್ಕೆ ಪೇಟೆಂಟು ಪಡೆದನು. ಅದು ಅವನ ಮೊದಲ ಪೇಟೆಂಟು. ಯಂತ್ರವೇನೋ ಚೆನ್ನಾಗಿ ಕೆಲಸ ಮಾಡಿತು. ಆದರೆ ಮತದಾನ ಬೇಗ ಮುಗಿಯುವುದು ಶಾಸನಸಭೆಯ ಸದಸ್ಯರಿಗೇ ಬೇಕಾಗಿರಲಿಲ್ಲ. ಜನರಿಗೆ ಬೇಡವಾದುದನ್ನು ಎಷ್ಟು ಚತುರತೆಯಿಂದ ನಿರ್ಮಿಸಿದರೂ ಪ್ರಯೋಜನವಿಲ್ಲವೆಂಬ ಪಾಠವನ್ನು ಎಡಿಸನ್ ಅಂದು ಕಲಿತನು.

1876ರಲ್ಲಿ ಅವನು ನ್ಯೂ ಜೆರ್ಸಿಯ ಮೆನ್ಲೋ ಪಾರ್ಕಿನಲ್ಲಿ ಪ್ರಯೋಗಾಲಯವನ್ನು ಸ್ಥಾಪಿಸಿದನು. ಮರುವರ್ಷ ಧ್ವನಿಲೇಖನ ಯಂತ್ರವನ್ನು ಕಂಡುಹಿಡಿದು ಲೋಕವಿಖ್ಯಾತನಾದನು. 1878ರಲ್ಲಿ ಅವನ ಗಮನ ವಿದ್ಯುದ್ದೀಪದ ಕಡೆಗೆ ಹರಿಯಿತು. ಆ ವೇಳೆಗೆ ಬೀದಿಗಳನ್ನು ಬೆಳಗಲು ಆರ್ಕ್ ದೀಪಗಳು ಬಂದಿದ್ದವು. ಅವುಗಳ ಬೆಳಕು ಕಣ್ಣು ಕೋರೈಸುವಷ್ಟು ಪ್ರಖರ. ಮೇಲಾಗಿ ಅವನ್ನು ಒಂದರ ಹಿಂದೊಂದರಂತೆ ಸರಣಿಯಾಗಿ ಜೋಡಿಸುತ್ತಿದ್ದುದರಿಂದ ಎಲ್ಲವೂ ಒಟ್ಟಿಗೆ ಉರಿಯಬೇಕು, ಒಟ್ಟಿಗೆ ಆರಬೇಕು. ನಗರದ ಮನೆಗಳಲ್ಲಿ ಆಗ ಬಳಕೆಯಲ್ಲಿದ್ದುದು ಅನಿಲದೀಪ. ಅದರ ಹೊಗೆ, ಬಿಸಿ, ಬೆಂಕಿಯ ಭಯ ಏನೇ ಇರಲಿ, ಒಂದೊಂದು ದೀಪಕ್ಕೂ ತನ್ನದೇ ಆದ ತಿರುಪು ಇದ್ದಿತು. ವಿದ್ಯುತ್ತೂ ಈ ಅನುಕೂಲವನ್ನು ನೀಡಿದಲ್ಲದೆ ಮನೆಯವರು ಅದನ್ನು ಒಪ್ಪಲಾರರೆಂದು ಎಡಿಸನ್ ಮನಗಂಡನು.

ಇದಕ್ಕೆ ದೀಪಗಳನ್ನು ಸಮಾನಾಂತರವಾಗಿ ಜೋಡಿಸಬೇಕಾಗಿದ್ದಿತು. ಹಾಗೆ ಜೋಡಿಸಿದರೆ ಒಂದು ದೀಪ ಆರಿದರೂ ಉಳಿದವುಗಳಿಗೆ ಬಾಧೆಯಿಲ್ಲ. ಆದರೆ ದೀಪದ ತಂತುವಿನ ರೋಧ ಕಡಿಮೆಯಾಗಿದ್ದರೆ ಅವೆಲ್ಲವೂ ಅಪಾರ ವಿದ್ಯುತ್ತನ್ನು ಸೆಳೆಯುತ್ತವೆ. ಅದನ್ನು ಒಯ್ಯಲು ದಪ್ಪನಾದ ತಾಮ್ರದ ತಂತಿಗಳು ಬೇಕಾಗಿ ವೆಚ್ಚ ಮಿತಿಮೀರುತ್ತದೆ. ಆದುದರಿಂದ ಹೆಚ್ಚು ರೋಧವುಳ್ಳ, ಎಳೆಯಂತೆ ತೆಳುವಾದ ತಂತುವನ್ನು ಹುಡುಕುವುದೇ ಎಡಿಸನ್ನನ ಗುರಿಯಾಯಿತು. ಅವನೂ ಅವನ ಸಂಗಡಿಗರೂ ಹಗಲಿರುಳು ದುಡಿದರು. 1879ರ ಅಕ್ಟೋಬರಿನಲ್ಲಿ, ಸುಟ್ಟು ಇಂಗಾಲವಾಗಿಸಿದ ಹತ್ತಿಯ ನೂಲು ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಹದಿಮೂರು ಗಂಟೆಗಳಿಗೂ ಹೆಚ್ಚು ಕಾಲ ಬೆಳಗಿತು. ಮುಂದೆ ಜಪಾನಿನ ಬಿದಿರಿನ ಎಳೆ ಇನ್ನೂ ಬಾಳಿಕೆಯುಳ್ಳದ್ದೆಂದು ಕಂಡುಬಂದಿತು. ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್ ಎಂಬ ವಿಜ್ಞಾನಿಯೂ ಇದೇ ಕಾಲದಲ್ಲಿ ಸ್ವತಂತ್ರವಾಗಿ ಇಂಥ ದೀಪವನ್ನು ಸಿದ್ಧಪಡಿಸಿದ್ದನು. 1883ರಲ್ಲಿ ಆ ದೇಶದಲ್ಲಿ ಅವರಿಬ್ಬರ ಸಂಸ್ಥೆಗಳು ಒಂದುಗೂಡಿದವು.

ದೀಪ ದೊರೆತ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಡೈನಮೊ, ನೆಲದಡಿಯ ತಂತಿಗಳು, ದೀಪವನ್ನು ಕೂರಿಸುವ ತಿರುಪಿನ ಹೋಲ್ಡರು, ಬಳಸಿದ ವಿದ್ಯುತ್ತನ್ನು ಅಳೆಯುವ ಮೀಟರು, ವಿದ್ಯುತ್ ಮಿತಿಮೀರಿ ಹರಿದಾಗ ತಾನೇ ಕರಗಿ ಮಾರ್ಗವನ್ನು ಕಡಿಯುವ ಫ್ಯೂಸು, ಇವೆಲ್ಲವನ್ನೂ ಅವನು ರೂಪಿಸಬೇಕಾಯಿತು. 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಬೀದಿಯ ವಿದ್ಯುದಾಗಾರ ಕೆಲಸವಾರಂಭಿಸಿ ಸುಮಾರು 400 ದೀಪಗಳನ್ನು ಬೆಳಗಿತು.

ಅಂದಿನ ಮನೆಗಳನ್ನು ಕಟ್ಟಿದವರು ವಿದ್ಯುತ್ತಿನ ಕನಸನ್ನೂ ಕಂಡವರಲ್ಲ. ಅಂಥ ಹಳೆಯ ಮನೆಗಳಿಗೆ ಹೊಸ ಬೆಳಕನ್ನು ಅಳವಡಿಸುವುದು ಬಲು ತೊಡಕಿನ ಕೆಲಸವಾಯಿತು. ಅನಿಲದೀಪದ ಕಂಬಗಳಿಗೇ ತಂತಿಯನ್ನು ಹಬ್ಬಿಸಿ, ಅವುಗಳ ತುದಿಗೆ ವಿದ್ಯುದ್ದೀಪವನ್ನು ಕೂರಿಸುವ ಉಪಾಯ ಬಳಕೆಗೆ ಬಂದಿತು. ಜನರಿಗೆ ಅಭ್ಯಾಸವಾಗಿದ್ದ ತಿರುಪಿನ ಮಾದರಿಯಲ್ಲಿ ಹೋಲ್ಡರಿನಲ್ಲಿಯೇ ಚಿಕ್ಕ ಕೀಲಿಯನ್ನು ಇಟ್ಟರು. ಧನಿಕನಾದ ಮಾರ್ಗನ್ ತನ್ನ ನ್ಯೂಯಾರ್ಕಿನ ಮನೆಗೆ ಪ್ರತ್ಯೇಕ ಉಗಿಯಂತ್ರ ಮತ್ತು ಡೈನಮೊಗಳನ್ನೇ ಹಾಕಿಸಿಕೊಂಡನು. ಯಂತ್ರದ ಸದ್ದಿಗೆ ನೆರೆಯವರು ಬೇಸತ್ತರು. ಒಮ್ಮೆ ತಂತಿಯ ದೋಷದಿಂದ ಅವನ ಓದುವ ಕೋಣೆಗೆ ಬೆಂಕಿ ತಗಲಿ ಮೇಜು ಸುಟ್ಟಿತು. ಆದರೂ ಅವನು ಎದೆಗುಂದದೆ ತಂತಿಗಳನ್ನು ಹೊಸದಾಗಿ ಹಾಕಿಸಿದನು. ಇಂಥ ಅನುಭವಗಳಿಂದ ತಂತಿಯ ಹೊದಿಕೆಯೂ ಜೋಡಣೆಯೂ ಸುಧಾರಿಸುತ್ತ ಬಂದವು.

ಸ್ವಿಚ್ಚಿನಲ್ಲಿಯೂ ಒಂದು ಅಪಾಯ ಅಡಗಿದ್ದಿತು. ಅದರ ಲೋಹದ ತುದಿಗಳು ನಿಧಾನವಾಗಿ ಬೇರ್ಪಟ್ಟರೆ ನಡುವೆ ಕಿಡಿ ಹಾರಿ ತುದಿಗಳು ಸುಟ್ಟುಹೋಗುತ್ತಿದ್ದವು. 1884ರಲ್ಲಿ ಇಂಗ್ಲೆಂಡಿನ ಜಾನ್ ಹೆನ್ರಿ ಹೋಮ್ಸ್ ಎಂಬವನು ಅವು ಥಟ್ಟನೆ ಬೇರ್ಪಡುವಂಥ ಸ್ವಿಚ್ಚನ್ನು ರಚಿಸಿ ಈ ತೊಂದರೆಯನ್ನು ನಿವಾರಿಸಿದನು. ಕಾಲಕ್ರಮದಲ್ಲಿ ಒಂದೇ ದೀಪವನ್ನು ಎರಡು ಕಡೆಗಳಿಂದ ನಿಯಂತ್ರಿಸುವ ಜೋಡಣೆಯೂ ಬಂದಿತು. ಮಹಡಿಮೆಟ್ಟಿಲಿನ ಕೆಳಗೊಂದು, ಮೇಲೊಂದು ಸ್ವಿಚ್ಚನ್ನಿಟ್ಟು ಎರಡರ ನಡುವೆ ಎರಡು ತಂತಿಗಳನ್ನು ಎಳೆಯುತ್ತಾರೆ. ಎರಡು ಸ್ವಿಚ್ಚುಗಳೂ ಒಂದೇ ತಂತಿಯನ್ನು ಮುಟ್ಟಿದಾಗ ದೀಪ ಉರಿಯುತ್ತದೆ. ಬೇರೆ ಬೇರೆ ತಂತಿಗಳನ್ನು ಮುಟ್ಟಿದಾಗ ಆರುತ್ತದೆ. ಆದುದರಿಂದ ಕೆಳಗೆ ಹೊತ್ತಿಸಿದ ದೀಪವನ್ನು ಮೇಲೆ ಹತ್ತಿದವರು ಆರಿಸಬಹುದು. ಈಗಂತೂ ಗೋಡೆಯನ್ನು ಒಡೆಯದೆ, ಹೊಸ ತಂತಿಯನ್ನೂ ಎಳೆಯದೆ, ರೇಡಿಯೊ ಸಂಕೇತದ ಮೂಲಕ ಒಂದೇ ದೀಪವನ್ನು ಹಲವೆಡೆಗಳಿಂದ ನಿಯಂತ್ರಿಸುವ ಸ್ವಿಚ್ಚುಗಳನ್ನು ಹಳೆಯ ಮನೆಗಳಲ್ಲಿ ಅಳವಡಿಸಬಹುದಾಗಿದೆ.

ಎಡಿಸನ್ ತಪ್ಪು ಮಾಡದವನೇನಲ್ಲ. ಅವನು ನೆಚ್ಚಿದ ನೇರ ವಿದ್ಯುತ್ತನ್ನು ಅಂದು ಬಹುದೂರ ಸಾಗಿಸಲಾಗುತ್ತಿರಲಿಲ್ಲ. ಪರ್ಯಾಯ ವಿದ್ಯುತ್ತಿನಿಂದ ಅದು ಸಾಧ್ಯವೆಂದು ಇತರರು ತೋರಿಸಿಕೊಟ್ಟರೂ ಅವನು ಹಟದಿಂದ ಅದನ್ನು ವಿರೋಧಿಸಿದನು. ಕಡೆಗೆ ಗೆದ್ದುದು ಪರ್ಯಾಯ ವಿದ್ಯುತ್ತೇ. 1892ರಲ್ಲಿ ಅವನ ಸಂಸ್ಥೆ ಬೇರೊಂದರೊಡನೆ ಸೇರಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಾದಾಗ ಅವನ ಹೆಸರೂ ಅದರಿಂದ ಮರೆಯಾಯಿತು. ನಮ್ಮ ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಆರಂಭವಾದ ವಿದ್ಯುದಾಗಾರಕ್ಕೆ ಯಂತ್ರಗಳನ್ನು ಒದಗಿಸಿದುದು ಈ ಸಂಸ್ಥೆಯೇ. ಅಲ್ಲಿಂದ ಪರ್ಯಾಯ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರನ್ನು ಬೆಳಗಿತು.

ಎಡಿಸನ್ ಸೋಲಿನಿಂದ ಕುಗ್ಗಿ ಕುಳಿತವನಲ್ಲ. ಚಲನಚಿತ್ರ, ಬ್ಯಾಟರಿ ಮೊದಲಾದ ಕ್ಷೇತ್ರಗಳಲ್ಲಿ ದುಡಿದು ತನ್ನ ದೇಶದಲ್ಲಿ ಒಟ್ಟು 1093 ಪೇಟೆಂಟುಗಳನ್ನು ಗಳಿಸಿದನು. 1931ರ ಅಕ್ಟೋಬರ್ 18ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಅವನು ಕಾಲವಾದನು.

ಅವನ ಗೌರವಾರ್ಥವಾಗಿ ದೇಶದ ವಿದ್ಯುತ್ತನ್ನೆಲ್ಲ ಒಂದು ನಿಮಿಷ ನಿಲ್ಲಿಸಬೇಕೆಂಬ ಆಲೋಚನೆ ಮೂಡಿತು. ಆದರೆ ಜನಜೀವನವು ವಿದ್ಯುತ್ತನ್ನು ಎಷ್ಟು ನೆಚ್ಚಿಕೊಂಡಿತ್ತೆಂದರೆ, ಹಾಗೆ ಮಾಡುವುದು ಪ್ರಾಣಾಪಾಯಕ್ಕೆ ಎಡೆಗೊಡುವಂತಿದ್ದಿತು. ಅದಕ್ಕಾಗಿ ಅಧ್ಯಕ್ಷ ಹೂವರ್, ಅಂತ್ಯಕ್ರಿಯೆಯ ದಿನವಾದ ಅಕ್ಟೋಬರ್ 21ರ ರಾತ್ರಿ ಹತ್ತು ಗಂಟೆಗೆ, ಜನರು ತಮ್ಮ ತಮ್ಮ ದೀಪಗಳನ್ನು ತಾವೇ ಒಂದು ನಿಮಿಷ ಆರಿಸಬೇಕೆಂದು ಕೇಳಿಕೊಂಡನು. ಅಂದು ಅಸಂಖ್ಯ ಮನೆಗಳಲ್ಲಿ ಜನರು ಗೋಡೆಯ ಬಳಿಗೆ ನಡೆದು ದೀಪವನ್ನು ಆರಿಸಿದರು. ನಿಮಿಷ ಕಳೆದ ಮೇಲೆ ಮತ್ತೆ ಹೊತ್ತಿಸಿದರು. ಒಂದೊಂದು ದೀಪವೂ ಅದರ ಒಡೆಯನ ಕೈಯ ಅಂಕೆಯಲ್ಲಿರಬೇಕೆಂದು ಬಯಸಿ ದುಡಿದವನಿಗೆ ಇದಕ್ಕಿಂತ ಉಚಿತವಾದ ಗೌರವ ಬೇರೊಂದಿಲ್ಲ.