ಕುದ್ಮುಲ್ ರಂಗರಾವ್: ಶಾಲೆಗೆ ಬಾರದ ಮಕ್ಕಳ ಗುರು

ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ 1859ರಲ್ಲಿ ಜನಿಸಿದ ರಂಗರಾವ್, ಮಂಗಳೂರಿಗೆ ಬಂದು ಮೊದಲು ಶಿಕ್ಷಕರಾಗಿ, ಬಳಿಕ ವಕೀಲರಾಗಿ ದುಡಿದರು.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಸ್ವಜಾತಿಯವರೇ ಬಹಿಷ್ಕಾರ ಹಾಕಿದರು. ಮೇಲ್ಜಾತಿಯ ಶಿಕ್ಷಕರು ಅಲ್ಲಿ ಕಲಿಸಲು ಒಪ್ಪದಿದ್ದಾಗ ಕ್ರೈಸ್ತ ಶಿಕ್ಷಕರನ್ನು ನೇಮಿಸಿಕೊಂಡರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು.

ಆದರೆ ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರಲಿಲ್ಲ. ಕೂಲಿಗೆ ಹೋದರೆ ಮನೆಗೆ ನಾಲ್ಕು ಕಾಸು. ಶಾಲೆಗೆ ಬಂದರೆ ಹಸಿವು. ಇದನ್ನರಿತ ರಂಗರಾವ್ ಮಧ್ಯಾಹ್ನದ ಊಟ ಕೊಟ್ಟರು. ಹಾಜರಾದವರಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು. ಅಕ್ಷರದ ಜೊತೆಗೆ ನೇಯ್ಗೆ, ಬಡಗಿ ಕೆಲಸಗಳನ್ನೂ ಕಲಿಸಿದರು. ಓದಿ ಅಧಿಕಾರಿಯಾದ ದಲಿತ ಮಗುವಿನ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕೆಂಬುದು ಅವರ ಆಸೆಯಾಗಿತ್ತು. 1928ರಲ್ಲಿ ನಿಧನರಾದರು.

ಅಭ್ಯಾಸ ಬೋಧನೆಗೆ ಹೋಗುವ ನಾವು ಪಾಠಯೋಜನೆಯಲ್ಲಿ ಪ್ರೇರಣೆ, ಮಂಡನೆ, ಮೌಲ್ಯಮಾಪನ ಎಲ್ಲವನ್ನೂ ಬರೆಯುತ್ತೇವೆ. ಭತ್ತದ ನಾಟಿಯ ದಿನಗಳಲ್ಲಿ ಸಿರುಗುಪ್ಪ ಸೀಮೆಯ ತರಗತಿಯಲ್ಲಿ ಒಂದು ಜಾಗ ಖಾಲಿಯಿದ್ದರೆ, ಆ ಮಗು ಎಲ್ಲಿದೆ, ಏಕೆ ಬಂದಿಲ್ಲ ಎಂದು ಮೊದಲು ವಿಚಾರಿಸೋಣ. ರಂಗರಾವ್ ಪಾಠ ಆರಂಭಿಸಿದ್ದು ಅಲ್ಲಿಂದಲೇ.