ಉಗ್ರಾದಿತ್ಯಾಚಾರ್ಯ

ಉಗ್ರಾದಿತ್ಯಾಚಾರ್ಯ 9ನೆಯ ಶತಮಾನದ ಜೈನ ಮುನಿ ಹಾಗೂ ವೈದ್ಯಗ್ರಂಥಕಾರ. ಸಂಸ್ಕೃತದ 'ಕಲ್ಯಾಣಕಾರಕ' ಈತನ ಕೃತಿ. ಗುರು ಶ್ರೀನಂದಿ. ಗ್ರಂಥ ರಚನೆಯಾದುದು ರಾಮಗಿರಿಯಲ್ಲಿ. ಪೂಜ್ಯಪಾದ, ಸಮಂತಭದ್ರ ಮೊದಲಾದ ಹಿಂದಿನ ವೈದ್ಯಾಚಾರ್ಯರನ್ನು ಈತ ಸ್ಮರಿಸಿದ್ದಾನೆ. ಅವರ ವೈದ್ಯಕೃತಿಗಳು ಬಹುಪಾಲು ನಷ್ಟವಾಗಿರುವುದರಿಂದ ಈ ಸ್ಮರಣೆಗೆ ವಿಶೇಷ ಬೆಲೆಯಿದೆ.

ಮಾಂಸರಸವನ್ನು ಪಥ್ಯವೆಂದೂ ಮದ್ಯವನ್ನು ಅನುಪಾನವೆಂದೂ ವೈದ್ಯರು ವಿಧಿಸುತ್ತಿದ್ದ ಕಾಲವದು. ಜೀವಹಿಂಸೆ ಮಾಡದೆ ರೋಗಿಯನ್ನು ಉಳಿಸಲು ಸಾಧ್ಯವೇ ಎಂಬುದು ಉಗ್ರಾದಿತ್ಯನ ಮುಂದಿದ್ದ ನಿಜವಾದ ಪ್ರಶ್ನೆ. ಮದ್ಯ, ಮಾಂಸ, ಮಧು ಮೂರನ್ನೂ ವರ್ಜಿಸಿ ಆತ ಚಿಕಿತ್ಸಾಕ್ರಮವನ್ನು ಕಟ್ಟಿದನು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸಭೆಯಲ್ಲಿ, ವಿದ್ವಾಂಸರ ಮತ್ತು ವೈದ್ಯರ ಸಮ್ಮುಖದಲ್ಲಿ, ಮಾಂಸಭಕ್ಷಣೆ ನಿಷ್ಫಲವೆಂದು ವಾದಿಸಿದನು. ಆ ವಾದವೇ ಗ್ರಂಥದ ಕೊನೆಯಲ್ಲಿರುವ 'ಹಿತಾಹಿತ' ಅಧ್ಯಾಯ. (ಹುಲಗೂರು ಇರುವ ಶಿಗ್ಗಾಂವಿ ತಾಲ್ಲೂಕಿನದೇ ಆದ ಬಂಕಾಪುರಕ್ಕೆ ಹೆಸರು ಬಂದುದು ಇದೇ ದೊರೆಯ ದಂಡನಾಯಕ ಬಂಕೆಯನಿಂದ.)

ಚರ್ಮವ್ಯಾಧಿಗಳು ಈ ಗ್ರಂಥದಲ್ಲಿ ಕುಷ್ಠಪ್ರಕರಣದೊಳಗೆ ಬರುತ್ತವೆ. ಆಯುರ್ವೇದದಲ್ಲಿ ಕುಷ್ಠವೆಂದರೆ ತೊನ್ನು, ಕುಷ್ಠರೋಗ ಮಾತ್ರವಲ್ಲ. ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠಗಳೆಂದು ಒಟ್ಟು ಹದಿನೆಂಟು ಬಗೆ. ತುರಿಕೆ, ಗುಳ್ಳೆ, ರಸ ಸೋರುವಿಕೆಗಳುಳ್ಳ 'ವಿಚರ್ಚಿಕೆ' ಕ್ಷುದ್ರಕುಷ್ಠಗಳಲ್ಲಿ ಒಂದು. ಇಂದು ಇಸುಬು ಅಥವಾ ಎಕ್ಸಿಮಾ ಎನ್ನುವುದನ್ನು ಆಯುರ್ವೇದ ವೈದ್ಯರು ಸಾಮಾನ್ಯವಾಗಿ ಇದರೊಂದಿಗೆ ಹೋಲಿಸುತ್ತಾರೆ. ಎರಡೂ ಪೂರ್ತಿ ಒಂದೇ ಅಲ್ಲ. ವಿರುದ್ಧಾಹಾರದ ತ್ಯಾಗ, ವಮನ–ವಿರೇಚನಗಳಿಂದ ಶೋಧನ, ಬಳಿಕ ಬೇವು, ಕಗ್ಗಲಿ, ತ್ರಿಫಲೆ, ಅರಿಸಿನಗಳ ಬಳಕೆ ಪರಂಪರೆಯ ಕ್ರಮ. ಶೋಧನವನ್ನು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಮಾಡತಕ್ಕದ್ದಲ್ಲ.

ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿದ 'ಕಲ್ಯಾಣಕಾರಕ' ಹಿಂದೀ ಅನುವಾದದೊಡನೆ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು.