ಮೆಟ್ಟಿಲಿಲ್ಲದ ತಂತಿಯ ಜಾಕೊ

ಬಕ್ರೀದ್ ರಜೆಗೆ ದುಬೈನಿಂದ ಬಂದ ನನ್ನ ದೊಡ್ಡಪ್ಪನ ಮಗ, ಅಂದರೆ ನಮ್ಮ ಭಾಯಿಜಾನ್, ಎಲ್ಲರಿಗೂ ಅತ್ತರು, ಖರ್ಜೂರ ತಂದಿದ್ದರು. ತಮಗಾಗಿ ಮಾತ್ರ ಒಂದು ಕಪ್ಪು ಚೀಲ ಹೊತ್ತು ಬಂದಿದ್ದರು. ಅದರೊಳಗೆ ಮಕ್ಕಳ ಗಿಟಾರಿನಷ್ಟು ಪುಟ್ಟ ವಾದ್ಯ. ಇದ್ದದ್ದು ನಾಲ್ಕೇ ತಂತಿ. ಅವೂ ಲೋಹದವಲ್ಲ. ಕಪ್ಪಗೆ, ದಪ್ಪಗೆ, ಎಳೆದರೆ ರಬ್ಬರಿನ ಹಾಗೆ ಹಿಗ್ಗುವಂಥವು. ನಮ್ಮ ದಾದಿ ಅದನ್ನು ನೋಡಿ, ಹೊಲಿಗೆ ಮಷಿನ್ನಿನ ಬೆಲ್ಟನ್ನು ಯಾಕೆ ಕಟ್ಟಿದ್ದಾರೆ ಎಂದು ಕೇಳಿದರು.

ಅದರ ಹೆಸರು ಬೇಸ್ ಯುಕುಲೇಲಿ. ಯುಕುಲೇಲಿ ಹವಾಯಿ ದ್ವೀಪಗಳ ವಾದ್ಯ, ಅದರ ದನಿ ಸಣ್ಣದು, ಚುರುಕು. ಆದರೆ ಇದು ಅಷ್ಟೇ ಸಣ್ಣ ಪೆಟ್ಟಿಗೆಯಿಂದ ಬೇಸ್ ಗಿಟಾರಿನ ಆಳದ ಸ್ವರ ಹೊರಡಿಸುತ್ತದೆ. ಮಾಮೂಲಿ ಬೇಸ್ ಗಿಟಾರಿನಲ್ಲಿ ಮಿಡಿಯುವ ತಂತಿಯ ಉದ್ದ 34 ಇಂಚು. ಇದರಲ್ಲಿ ಸುಮಾರು 21 ಇಂಚು. ಆದರೂ ಎರಡರಲ್ಲೂ ಎಲ್ಲಕ್ಕಿಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ತಂತಿ ಗಿಡ್ಡವಾದರೆ ಸ್ವರ ಮೇಲೇರುತ್ತದೆ. ಏರದಂತೆ ತಡೆಯಲು ತಂತಿಯನ್ನು ದಪ್ಪ ಮಾಡಬೇಕು, ಬಿಗಿಯನ್ನು ಸಡಿಲಿಸಬೇಕು. ಅದಕ್ಕೇ ಪಾಲಿಯುರೆಥೇನಿನ ಈ ಬೆಲ್ಟು. ಇಷ್ಟನ್ನು ನನಗೆ ಬಿಡಿಸಿ ಹೇಳಿದ್ದು ಸೈನ್ಸ್ ವಿಭಾಗದ ಗೆಳೆಯ, ತಪ್ಪಿದ್ದರೆ ಅವನನ್ನೇ ಕೇಳಿ. ಪೆಟ್ಟಿಗೆಯ ದನಿ ಒಂದು ಕೋಣೆಯನ್ನು ದಾಟುವುದಿಲ್ಲ. ತಂತಿ ಕೂರುವ ಪಟ್ಟಿಯ ಕೆಳಗೆ ಒಂದು ಪುಟ್ಟ ಪಿಕಪ್ ಇದೆ, ಅದಕ್ಕೆ ವೈರ್ ಚುಚ್ಚಿ ಸ್ಪೀಕರಿಗೆ ಕೊಟ್ಟರೆ ಕಿಟಕಿ ಗಾಜು ನಡುಗುತ್ತದಂತೆ. ನಮ್ಮ ಮನೆಯಲ್ಲಿ ವಾದ್ಯಗಳ ವಿಷಯದಲ್ಲಿ ಹಿರಿಯರ ಅಭಿಪ್ರಾಯ ಒಂದೇ ತೆರನಾಗಿಲ್ಲ. ಆದ್ದರಿಂದ ವೈರ್ ಚುಚ್ಚುವ ಮಾತೇ ಬರಲಿಲ್ಲ.

ಇನ್ನೂ ಒಂದು ವಿಶೇಷ ಇತ್ತು. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡಲಾಗಿ ಲೋಹದ ಪಟ್ಟಿಗಳಿರುತ್ತವೆ, ಅವಕ್ಕೆ ಫ್ರೆಟ್ ಎನ್ನುತ್ತಾರೆ. ವೀಣೆಯಲ್ಲಿ ಅವನ್ನು ಮೆಟ್ಟಿಲು ಎನ್ನುತ್ತಾರೆಂದು ನಮ್ಮ ಕನ್ನಡ ಮೇಡಂ ಹೇಳಿದರು. ಸಿತಾರಿನವರು ಪರ್ದಾ ಎನ್ನುತ್ತಾರೆ, ಬಾಗಿಲಿಗೆ ಹಾಕುವ ಪರ್ದಾ ಎಂಬ ಅದೇ ಪದ. ಬೆರಳು ಎರಡು ಮೆಟ್ಟಿಲುಗಳ ನಡುವೆ ಎಲ್ಲಿ ಒತ್ತಿದರೂ ಸ್ವರ ತನ್ನ ಜಾಗದಲ್ಲೇ ನಿಲ್ಲುತ್ತದೆ. ಭಾಯಿಜಾನರ ವಾದ್ಯಕ್ಕೆ ಮೆಟ್ಟಿಲುಗಳೇ ಇಲ್ಲ, ಪಿಟೀಲಿಗೆ, ಸರೋದಿಗೆ ಇಲ್ಲದ ಹಾಗೆ. ಬೆರಳು ಕೂದಲೆಳೆಯಷ್ಟು ಸರಿದರೂ ಅಪಸ್ವರ. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಹಾರಬೇಕಾಗಿಲ್ಲ, ಜಾರಿಕೊಂಡು ಹೋಗಬಹುದು. ಮೊದಲ ರಾತ್ರಿ ಭಾಯಿಜಾನ್ ಅದನ್ನು ನುಡಿಸಿದಾಗ, ಪಕ್ಕದ ಕೋಣೆಯಲ್ಲಿ ಯಾರೋ ಹಿರಿಯರು ಬಾಯಿ ಮುಚ್ಚಿಕೊಂಡೇ ಏನನ್ನೋ ಗುನುಗುತ್ತಿರುವಂತೆ ಕೇಳಿಸಿತು.

ಬೇಸ್ ಗಿಟಾರಿನಿಂದ ಹೀಗೆ ಮನುಷ್ಯನ ಕಂಠದಂಥ ದನಿ ಹೊರಡಿಸಿ ಜಗತ್ತಿಗೆ ಕೇಳಿಸಿದವರು ಜಾಕೊ ಪಾಸ್ಟೋರಿಯಸ್ ಎಂದು ಭಾಯಿಜಾನ್ ಹೇಳಿ, ಫೋನಿನಲ್ಲಿ ಅವರ ಸಂಗೀತ ಕೇಳಿಸಿದರು. ಆಮೇಲೆ ಎರಡು ವಾರ ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ಅಕೌಂಟೆನ್ಸಿ ಟೆಸ್ಟಿನಲ್ಲಿ ಬಂದ ಅಂಕಗಳಿಗೆ ಅದೂ ಒಂದು ಕಾರಣ.

ಜಾಕೊ ಹುಟ್ಟಿದ್ದು 1951ರ ಡಿಸೆಂಬರ್ 1ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನಾರಿಸ್‌ಟೌನ್‌ನಲ್ಲಿ. ಮೂವರು ಗಂಡುಮಕ್ಕಳಲ್ಲಿ ಹಿರಿಯರು. ತಂದೆ ಜ್ಯಾಕ್ ಹಾಡುಗಾರ, ಡ್ರಮ್ಸ್ ನುಡಿಸುವವರು. ಜಾಕೊ ಚಿಕ್ಕವರಿದ್ದಾಗಲೇ ಕುಟುಂಬ ಫ್ಲಾರಿಡಾಗೆ ಬಂದು ಫೋರ್ಟ್ ಲಾಡರ್‌ಡೇಲ್ ಪಕ್ಕದ ಓಕ್‌ಲ್ಯಾಂಡ್ ಪಾರ್ಕ್ ಊರಿನಲ್ಲಿ ನೆಲೆಸಿತು. ಸಮುದ್ರ ಹತ್ತಿರ, ವರ್ಷವಿಡೀ ಸೆಕೆ. ಹುಡುಗ ಜಾಕೊ ಮನೆಮನೆಗೆ ಪೇಪರ್ ಹಾಕುತ್ತಿದ್ದರು, ಚರ್ಚಿನಲ್ಲಿ ಸೇವೆ ಮಾಡುತ್ತಿದ್ದರು, ಸಿಕ್ಕ ಆಟವನ್ನೆಲ್ಲ ಆಡುತ್ತಿದ್ದರು. ತಂದೆಯಂತೆಯೇ ಡ್ರಮ್ಸ್ ಕಲಿತರು. ಹದಿಮೂರನೆಯ ವಯಸ್ಸಿನಲ್ಲಿ ಫುಟ್‌ಬಾಲ್ ಆಡುವಾಗ ಮಣಿಕಟ್ಟಿಗೆ ಪೆಟ್ಟು ಬಿತ್ತು. ಆ ಕೈಯಲ್ಲಿ ಡ್ರಮ್ಸ್ ಬಾರಿಸುವುದು ದಿನೇ ದಿನೇ ಕಷ್ಟವಾಯಿತು. ಅವರಿದ್ದ ಬ್ಯಾಂಡಿಗೆ ಇನ್ನೂ ಚೆನ್ನಾಗಿ ಬಾರಿಸುವ ಹುಡುಗ ಬಂದ, ಅದೇ ಹೊತ್ತಿಗೆ ಬೇಸ್ ನುಡಿಸುವವನು ಬಿಟ್ಟುಹೋದ. ಖಾಲಿಯಾದ ಜಾಗಕ್ಕೆ ಜಾಕೊ ಸರಿದರು. ಆಯ್ಕೆ ಮಾಡಿಕೊಂಡಿದ್ದಲ್ಲ, ಉಳಿದದ್ದು ಸಿಕ್ಕಿದ್ದು. ಸೈನ್ಸ್ ಸೀಟು ಸಿಗದೆ ಕಾಮರ್ಸಿಗೆ ಬಂದ ನನಗೆ ಈ ಭಾಗ ತುಂಬ ಹಿಡಿಸಿತು.

ಅವರಿಗೆ ನಿಜವಾಗಿ ಬೇಕಾಗಿದ್ದದ್ದು ನಿಂತು ನುಡಿಸುವ, ಆಳೆತ್ತರದ, ಪಿಟೀಲಿನ ಆಕಾರದ ಡಬಲ್ ಬೇಸ್. ಜ್ಯಾಜ್ ಸಂಗೀತಕ್ಕೆ ಅದೇ ಬೇಕಿತ್ತು. ದುಡಿದ ಹಣ ಕೂಡಿಟ್ಟು ಒಂದನ್ನು ಕೊಂಡರು. ಆದರೆ ಫ್ಲಾರಿಡಾದ ಗಾಳಿಯ ತೇವಕ್ಕೆ ಮರ ತಡೆಯಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ವಾದ್ಯ ಬಿರುಕು ಬಿಟ್ಟಿತ್ತು. ಅದನ್ನು ಕೊಟ್ಟು ಎಲೆಕ್ಟ್ರಿಕ್ ಬೇಸ್ ತಂದರು. ಆದರೂ ಆ ದನಿಯ ಆಸೆ ಹೋಗಲಿಲ್ಲ.

1962ರ ಒಂದು ಫೆಂಡರ್ ಜ್ಯಾಜ್ ಬೇಸ್ ಅವರ ಕೈಗೆ ಸೇರಿದ್ದು ಆಮೇಲೆ. ಅದರ ಮೆಟ್ಟಿಲುಗಳನ್ನು ಅವರು ಬೆಣ್ಣೆ ಸವರುವ ಚಾಕುವಿನಿಂದ ಕಿತ್ತು ಹಾಕಿದರೆಂಬ ಕಥೆ ಸಂಗೀತಗಾರರ ನಡುವೆ ಪ್ರಸಿದ್ಧವಾಗಿದೆ. ಪಟ್ಟಿಗಳಿದ್ದ ಸಂದುಗಳಿಗೆ ಮರದ ಪುಟ್ಟಿ ತುಂಬಿ, ಅದರ ಮೇಲೆ ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಹಚ್ಚಿದರು. ಲೋಹದ ತಂತಿ ಉಜ್ಜಿ ಉಜ್ಜಿ ಮರ ಸವೆಯದಿರಲೆಂದು ಈ ಉಪಾಯ. ಫಲ ಮಾತ್ರ ಅದಕ್ಕಿಂತ ದೊಡ್ಡದಾಗಿತ್ತು. ಗಾಜಿನಷ್ಟು ಗಟ್ಟಿಯಾದ ಆ ಮೈಯ ಮೇಲೆ ತಂತಿ ಮೆಲ್ಲಗೆ ತಾಗುತ್ತ ಕಂಪಿಸಿ, ಪ್ರತಿ ಸ್ವರವೂ ಮೊದಲು ಮೊಗ್ಗಿನಂತೆ ಮುಚ್ಚಿಕೊಂಡಿದ್ದು ಆಮೇಲೆ ಅರಳುತ್ತಿತ್ತು. ಮೆಟ್ಟಿಲಿಲ್ಲದ ಎಲೆಕ್ಟ್ರಿಕ್ ಬೇಸನ್ನು ಮೊದಲು ಮಾಡಿದವರು ಜಾಕೊ ಅಲ್ಲ. ಅಂಪೆಗ್ ಕಂಪನಿ 1966ರಲ್ಲೇ ಅಂಥದ್ದನ್ನು ಮಾರುಕಟ್ಟೆಗೆ ತಂದಿತ್ತು. ಆದರೆ ಅದರ ದನಿ ಇಂಥದ್ದು ಎಂದು ಜನ ಗುರುತಿಸಿದ್ದು ಜಾಕೊ ಅವರಿಂದ. ಭಾಯಿಜಾನರ ರಬ್ಬರ್ ತಂತಿಯ ವಾದ್ಯ ಅಷ್ಟೊಂದು ಅರಳುವುದಿಲ್ಲ, ಅದರ ದನಿ ಮೆತ್ತಗೆ, ದುಂಡಗೆ. ಬಿರುಕು ಬಿಟ್ಟುಹೋದ ಆ ಡಬಲ್ ಬೇಸಿಗೇ ಅದು ಹೆಚ್ಚು ಹತ್ತಿರ.

1972ರಲ್ಲಿ ಅವರು ವೇಯ್ನ್ ಕಾಕ್ರನ್ ಎಂಬ ಗಾಯಕನ ತಂಡದ ಜೊತೆ ಊರೂರು ಸುತ್ತಿದರು. ಮಯಾಮಿ ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಪಾಠವನ್ನೂ ಹೇಳಿದರು. ಅಷ್ಟರಲ್ಲೇ ಮದುವೆಯಾಗಿತ್ತು, ಮಕ್ಕಳಿದ್ದರು. 1976ರಲ್ಲಿ ಅವರದೇ ಹೆಸರಿನ ಮೊದಲ ಆಲ್ಬಮ್ ಬಂತು. ಆಗ ವಯಸ್ಸು 24. ಅದರ ಮೊದಲ ತುಣುಕು ಡೋನಾ ಲೀ. ಸ್ಯಾಕ್ಸೊಫೋನ್, ಟ್ರಂಪೆಟ್‌ನವರು ತಮ್ಮ ಉಸಿರಿನ ಪರೀಕ್ಷೆಗೆಂದು ನುಡಿಸುವ ಆ ವೇಗದ ರಾಗವನ್ನು ಜಾಕೊ ಬೇಸಿನಲ್ಲಿ ನುಡಿಸಿದರು, ಜೊತೆಗಿದ್ದದ್ದು ಕಾಂಗಾ ಎಂಬ ಚರ್ಮವಾದ್ಯ ಮಾತ್ರ. ಅಲ್ಲಿಯವರೆಗೆ ಬೇಸ್ ಎಂದರೆ ಹಿಂದೆ ನಿಂತು ಲೆಕ್ಕ ಇಡುವ ಗುಮಾಸ್ತ. ಅವತ್ತು ಗುಮಾಸ್ತ ಎದ್ದು ಬಂದು ಯಜಮಾನನ ಕುರ್ಚಿಯಲ್ಲಿ ಕೂತ. ಅದೇ ಆಲ್ಬಮ್‌ನಲ್ಲಿ ಹೆಂಡತಿಯ ಹೆಸರಿನ ಪೋರ್ಟ್ರೇಟ್ ಆಫ್ ಟ್ರೇಸಿ ಇದೆ. ಅದರಲ್ಲಿ ಹೆಚ್ಚಿನ ಕಡೆ ತಂತಿಯನ್ನು ಒತ್ತುವುದೇ ಇಲ್ಲ, ಬೆರಳು ಸುಮ್ಮನೆ ಸೋಕಿಸಿ ಗಂಟೆಯಂಥ ಸ್ವರ ತೆಗೆಯುತ್ತಾರೆ. ಇದನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ತಾನು ಜಗತ್ತಿನಲ್ಲೇ ಅತಿ ದೊಡ್ಡ ಬೇಸ್ ವಾದಕ ಎಂದು ಜಾಕೊ ಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ವೆದರ್ ರಿಪೋರ್ಟ್ ತಂಡದ ಜೋ ಜಾವಿನುಲ್ ಅವರನ್ನು ಮಯಾಮಿಯಲ್ಲಿ ಕಂಡು ಹೀಗೇ ಪರಿಚಯ ಮಾಡಿಕೊಂಡಾಗ ಅವರು ಗದರಿಸಿ ಕಳಿಸಿದರು. ಜಾಕೊ ಬಿಡದೆ ತಮ್ಮ ರೆಕಾರ್ಡಿಂಗ್ ಮುಟ್ಟಿಸಿದರು. ಅದನ್ನು ಕೇಳಿದ ಜಾವಿನುಲ್, ಈ ಹುಡುಗ ಎಲೆಕ್ಟ್ರಿಕ್ ಬೇಸನ್ನೂ ನುಡಿಸುತ್ತಾನೆಯೇ ಎಂದು ವಿಚಾರಿಸಿದರಂತೆ. ಟೇಪಿನಲ್ಲಿ ಕೇಳಿಸಿದ್ದು ಎಲೆಕ್ಟ್ರಿಕ್ ಬೇಸೇ ಎಂದು ಅಂಥವರಿಗೂ ಹೊಳೆದಿರಲಿಲ್ಲ. 1976ರಲ್ಲಿ ಜಾಕೊ ಆ ತಂಡ ಸೇರಿದರು. 1977ರ ಹೆವಿ ವೆದರ್ ಆಲ್ಬಮ್ ಅವರನ್ನು ದೇಶದೇಶಗಳಿಗೆ ಪರಿಚಯಿಸಿತು. ಅದರ ಟೀನ್ ಟೌನ್ ಅವರದೇ ರಚನೆ, ಅದರಲ್ಲಿ ಡ್ರಮ್ಸ್ ಕೂಡ ಅವರದೇ. ಮುರಿದಿದ್ದ ಮಣಿಕಟ್ಟು ಅಲ್ಲಿ ಮತ್ತೆ ಕೆಲಸಕ್ಕೆ ಬಂತು.

ಗಾಯಕಿ ಜೋನಿ ಮಿಚೆಲ್ ಅವರ 1976ರ ಆಲ್ಬಮ್‌ನ ನಾಲ್ಕು ಹಾಡುಗಳಿಗೆ ಜಾಕೊ ನುಡಿಸಿದರು. ಅದರ ಹೆಸರು ಹೆಜಿರಾ. ಓದಿದಾಗ ಎಲ್ಲೋ ಕೇಳಿದ ಪದ ಅನ್ನಿಸಿ ಹುಡುಕಿದರೆ, ಅದು ಹಿಜ್ರತ್ ಎಂದು ನಾವೆಲ್ಲ ಮದರಸಾದಲ್ಲಿ ಕಲಿತ ಪದವೇ! ಇದ್ದ ಜಾಗ ಬಿಟ್ಟು ಹೊರಡುವುದು ಎಂಬ ಅರ್ಥಕ್ಕಾಗಿ ಅವರು ಅದನ್ನು ಆರಿಸಿಕೊಂಡಿದ್ದರಂತೆ. ಕೇಳಿ ನೋಡಿ, ಆ ಹಾಡುಗಳಲ್ಲಿ ಬೇಸ್ ತಾಳ ಹಿಡಿಯುವುದಿಲ್ಲ, ಗಾಯಕಿಯ ಜೊತೆ ಮಾತಾಡುತ್ತದೆ.

ಮೊದಲು ಜಾಕೊ ಕುಡಿತವನ್ನಾಗಲಿ ಮಾದಕ ವಸ್ತುಗಳನ್ನಾಗಲಿ ಹತ್ತಿರ ಸೇರಿಸುತ್ತಿರಲಿಲ್ಲ. ವೆದರ್ ರಿಪೋರ್ಟ್‌ನ ವರ್ಷಗಳಲ್ಲಿ ಎರಡೂ ಹತ್ತಿರ ಬಂದವು. 1981ರಲ್ಲಿ ದೊಡ್ಡ ವಾದ್ಯವೃಂದ ಕಟ್ಟಿ ವರ್ಡ್ ಆಫ್ ಮೌತ್ ಆಲ್ಬಮ್ ಮಾಡಿದರು. ಮರುವರ್ಷ ಜಪಾನ್ ಪ್ರವಾಸದಲ್ಲಿ ತಲೆ ಬೋಳಿಸಿಕೊಂಡರು, ಮುಖಕ್ಕೆ ಬಣ್ಣ ಬಳಿದುಕೊಂಡರು, ಒಂದು ಬೇಸನ್ನು ಹಿರೋಷಿಮಾದ ಸಮುದ್ರಕ್ಕೆ ಎಸೆದರು. ಕಲಾವಿದರೆಂದರೆ ಹೀಗೇ ಎಂದು ಎಷ್ಟೋ ಜನ ನಕ್ಕರು. ಅದೇ ವರ್ಷದ ಕೊನೆಗೆ ವೈದ್ಯರು ಹೇಳಿದ್ದು ಬೈಪೋಲಾರ್ ಎಂಬ ಕಾಯಿಲೆ.

ಇಲ್ಲಿ ನಾನು ಸ್ವಲ್ಪ ಪಕ್ಕಕ್ಕೆ ಸರಿಯಬೇಕು. ನನ್ನ ಮಾಮು ಬಟ್ಟೆ ಅಂಗಡಿಯವರು. ಜಮಾ ಖರ್ಚು ಬರೆಯುವುದನ್ನು ನಾನು ಕಾಲೇಜಿಗಿಂತ ಮೊದಲು ಕಲಿತದ್ದು ಅವರಿಂದ. ನಾನು ಏಳನೇ ತರಗತಿಯಲ್ಲಿದ್ದಾಗ ಅವರು ಒಂದು ವಾರ ನಿದ್ದೆ ಮಾಡಲಿಲ್ಲ. ಬಂದವರಿಗೆಲ್ಲ ಬಟ್ಟೆ ಪುಕ್ಕಟೆ ಹರಿದು ಕೊಟ್ಟರು. ಅಂಗಡಿಯ ಪುಸ್ತಕದ ತುಂಬ ಕೋಟಿಗಟ್ಟಲೆ ಲಾಭ ಬರೆದರು. ಆಮೇಲೆ ಎರಡು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದರು. ಓಣಿಯ ಹುಡುಗರು ಕೋಟ್ಯಧಿಪತಿ ಎಂದು ಕೂಗುತ್ತಿದ್ದರು. ನಾನೂ ಒಮ್ಮೆ ಅವರ ಜೊತೆ ನಕ್ಕಿದ್ದೇನೆ. ದೃಷ್ಟಿ ತೆಗೆದದ್ದಾಯಿತು, ತಾಯಿತ ಕಟ್ಟಿದ್ದಾಯಿತು, ಕೊನೆಗೆ ಮನೋವೈದ್ಯರ ಬಳಿ ಹೋದಾಗ ಅವರು ಬರೆದದ್ದು ಇದೇ ಹೆಸರು. ಇದನ್ನು ಬರೆಯಲೇ ಎಂದು ಮಾಮು ಅವರನ್ನೇ ಕೇಳಿದೆ. ಹೆಸರು, ಅಂಗಡಿಯ ಬೋರ್ಡು ಹಾಕಬೇಡ, ಉಳಿದದ್ದು ಬರಿ ಎಂದರು.

ಜಾಕೊ ಔಷಧಿಯನ್ನು ಬಿಡದೆ ತೆಗೆದುಕೊಳ್ಳಲಿಲ್ಲ. ಕುಡಿತ ಅದರ ಮೇಲೆ ಸೇರಿತು. ಕಾರ್ಯಕ್ರಮಗಳು ಕೈಬಿಟ್ಟವು, ಎರಡನೆಯ ಮದುವೆಯೂ ಮುರಿಯಿತು. ನ್ಯೂಯಾರ್ಕಿನ ಪಾರ್ಕುಗಳಲ್ಲಿ ಮಲಗುವ ದಿನಗಳು ಬಂದವು. ಮೆಟ್ಟಿಲು ಕಿತ್ತ ಆ ಬೇಸ್ ಒಮ್ಮೆ ಚೂರಾಯಿತು, ಬಲ್ಲವರು ಕೂಡಿಸಿ ಕೊಟ್ಟರು. ಅದೇ 1986ರಲ್ಲಿ ಪಾರ್ಕಿನಿಂದ ಅದು ಕಳುವಾಯಿತು. ತಮ್ಮ ಗ್ರೆಗರಿಯ ನೆರವಿನಿಂದ ಅವರನ್ನು ಬೆಲ್ವ್ಯೂ ಆಸ್ಪತ್ರೆಗೆ ಸೇರಿಸಲಾಯಿತು. ಸ್ವಲ್ಪ ಸುಧಾರಿಸಿ ಫ್ಲಾರಿಡಾಗೆ ಮರಳಿದರು, ಸುಧಾರಣೆ ಉಳಿಯಲಿಲ್ಲ.

1987ರ ಸೆಪ್ಟೆಂಬರ್ 11ರ ರಾತ್ರಿ ಸಂತಾನಾ ಅವರ ಸಂಗೀತ ಕಛೇರಿ ಇತ್ತು. ಜಾಕೊ ಹೇಳದೆ ಕೇಳದೆ ವೇದಿಕೆ ಹತ್ತಿದರು, ಕಾವಲಿನವರು ಹೊರಗೆ ಹಾಕಿದರು. ಅಲ್ಲಿಂದ ವಿಲ್ಟನ್ ಮ್ಯಾನರ್ಸ್ ಎಂಬಲ್ಲಿನ ಒಂದು ಕ್ಲಬ್ಬಿಗೆ ಹೋದರು. ಒಳಗೆ ಬಿಡದಿದ್ದಾಗ ಗಾಜಿನ ಬಾಗಿಲನ್ನು ಒದ್ದರು. ಅಲ್ಲಿನ ಸಿಬ್ಬಂದಿಯೊಬ್ಬನ ಹೊಡೆತಕ್ಕೆ ಮುಖದ ಮೂಳೆಗಳು ಮುರಿದು ಪ್ರಜ್ಞೆ ಹೋಯಿತು. ಅದು ಮರಳಲಿಲ್ಲ. ಸೆಪ್ಟೆಂಬರ್ 21ರಂದು ತೀರಿಕೊಂಡರು. ವಯಸ್ಸು 35. ಹೊಡೆದವನಿಗೆ ಶಿಕ್ಷೆಯಾದದ್ದು 22 ತಿಂಗಳು, ಜೈಲಿನಲ್ಲಿದ್ದದ್ದು ನಾಲ್ಕು ತಿಂಗಳು. ಈ ಲೆಕ್ಕವನ್ನು ನಾನು ಯಾವ ರೀತಿಯಲ್ಲಿ ಬರೆದು ನೋಡಿದರೂ ಎರಡು ಕಡೆಯ ಮೊತ್ತ ತಾಳೆಯಾಗಲಿಲ್ಲ.

ಮರುವರ್ಷ ಡೌನ್‌ಬೀಟ್ ಪತ್ರಿಕೆ ಅವರನ್ನು ಜ್ಯಾಜ್ ಮಹನೀಯರ ಪಟ್ಟಿಗೆ ಸೇರಿಸಿತು. 2008ರಲ್ಲಿ ಓಕ್‌ಲ್ಯಾಂಡ್ ಪಾರ್ಕ್ ಊರಿನವರು ಒಂದು ಉದ್ಯಾನಕ್ಕೆ ಅವರ ಹೆಸರಿಟ್ಟರು. ಅಷ್ಟು ರಾತ್ರಿಗಳನ್ನು ಪಾರ್ಕಿನಲ್ಲಿ ಕಳೆದವರ ಹೆಸರನ್ನು ಪಾರ್ಕಿಗೇ ಇಟ್ಟದ್ದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಕಳುವಾದ ಬೇಸ್ ಸುಮಾರು ಇಪ್ಪತ್ತು ವರ್ಷಗಳ ಮೇಲೆ ನ್ಯೂಯಾರ್ಕಿನಲ್ಲಿ ಸಿಕ್ಕಿತು. ಅದು ಯಾರದೆಂಬ ತಕರಾರು ಎದ್ದಾಗ ಮೆಟಾಲಿಕಾ ತಂಡದ ಬೇಸ್ ವಾದಕ ರಾಬರ್ಟ್ ಟ್ರುಹಿಯೊ ಹಣ ಕೊಟ್ಟು ಬಿಡಿಸಿದರು. ಮಗ ಫೀಲಿಕ್ಸ್ ಇಂದು ಬೇಸ್ ವಾದಕ.

ಭಾಯಿಜಾನ್ ಹೊರಡುವ ಹಿಂದಿನ ದಿನ ಮಾಮು ಮನೆಗೆ ಬಂದಿದ್ದರು. ನಾನು ಈ ಕಥೆಯನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, ಅವರ ಮನೆಯಲ್ಲಿ ಮಾತ್ರೆ ನೆನಪಿಸುವವರು ಯಾರೂ ಇರಲಿಲ್ಲವೇ ಎಂದು. ನನಗೆ ಉತ್ತರ ಹೊಳೆಯಲಿಲ್ಲ. ಮಾಮು ಆ ಪುಟ್ಟ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲಕ್ಕಿಂತ ದಪ್ಪ ತಂತಿಯನ್ನು ಒಮ್ಮೆ ಮೀಟಿ, ದನಿ ಪೂರ್ತಿ ಅಡಗುವವರೆಗೆ ಕಿವಿಗೊಟ್ಟರು. ಆಮೇಲೆ ಅದರ ಬೆಲೆ ಎಷ್ಟೆಂದು ಕೇಳಿದರು. ಭಾಯಿಜಾನ್ ದಿರ್ಹಮ್‌ನಲ್ಲಿ ಹೇಳಿದರು. ಮಾಮು ಅದನ್ನು ರೂಪಾಯಿಗೆ ತಿರುಗಿಸಿ, ಆ ದುಡ್ಡಿಗೆ ಎಷ್ಟು ಮೀಟರ್ ಶರ್ಟಿಂಗ್ ಬಟ್ಟೆ ಬರುತ್ತದೆಂದು ಬಾಯಲ್ಲೇ ಲೆಕ್ಕ ಮಾಡಿ ಹೇಳಿದರು. ನಾನು ಫೋನಿನಲ್ಲಿ ಗುಣಿಸಿ, ಭಾಗಿಸಿ ನೋಡಿದೆ. ಸರಿಯಾಗಿತ್ತು.